ಕೋಲು ಬಾಣವಾಗುವ ಮುನ್ನ

ಸಂಪಾದಕರು ನನ್ನ ಬೆನ್ನು ಹತ್ತಿ ತಿಂಗಳಾಯಿತು. "ಕವಿತೆ ಮಾತ್ರ ಬೇಡ ಮಾರಾಯ, ಈ ಸಂಚಿಕೆಗೆ ಬಂದದ್ದರಲ್ಲಿ ಅರ್ಧಕ್ಕೂ ಹೆಚ್ಚು ಕವಿತೆಯೇ, ಎಲ್ಲಾ ಮುರಿದ ಪ್ರೇಮದ್ದು. ನಿನ್ನ ಹತ್ತಿರ ಬಿಲ್ಲು ಇದೆಯಲ್ಲ, ಅದರ ಮೇಲೆ ಏನಾದರೂ ಬರಿ" ಎಂದರು. ನಾನು ಬಿಲ್ಲಿನ ಮೇಲೆ ಬರೆಯುವುದಿಲ್ಲ. ಬಿಲ್ಲಿನ ಬಗ್ಗೆ ಎಲ್ಲರೂ ಮಾತಾಡುತ್ತಾರೆ. ಶಿವಧನುಸ್ಸು, ಗಾಂಡೀವ ಅಂತ ಬಿಲ್ಲಿಗೆ ಹೆಸರಿದೆ. ಅದರಿಂದ ಹಾರಿ ಹೋಗುವ ಕೋಲನ್ನು ಕೇಳುವವರು ಕಡಿಮೆ. ಆದರೆ ಕಳೆದ ಬೇಸಿಗೆಯಲ್ಲಿ ನಮ್ಮ ಸಂಘದ ಗೆಳೆಯನೊಬ್ಬನ ಅಂಗೈಗೆ ನಾಲ್ಕು ಹೊಲಿಗೆ ಬಿದ್ದದ್ದು ಬಿಲ್ಲಿನಿಂದಲ್ಲ, ಕೋಲಿನಿಂದ.

ಆದದ್ದು ಇಷ್ಟು. ನನ್ನ ಹತ್ತಿರ ಇರುವುದು ಇಂಗ್ಲಿಷ್ ಮಾದರಿಯ ಉದ್ದಬಿಲ್ಲು, ಆರು ಅಡಿ, ನಲವತ್ತು ಪೌಂಡಿನ ಎಳೆತ. ಊರು ಬಿಟ್ಟು ಹೋಗುವಾಗ ಹಿರಿಯರೊಬ್ಬರು ಕೊಟ್ಟದ್ದು. ಕರ್ಜತ್ ಕಡೆಗೆ ಒಂದು ತೋಟಕ್ಕೆ ನಾವು ಐದಾರು ಜನ ಹೋದಾಗ ಗೆಳೆಯ ತನ್ನದೇ ಬಾಣ ಮಾಡಿ ತಂದಿದ್ದ. ಅಂಗಡಿಯಿಂದ ತಂದ ಉರುಟು ಕೋಲು, ನೋಡಲಿಕ್ಕೆ ಗೀಟು ಎಳೆದ ಹಾಗೆ ನೆಟ್ಟಗೆ, ನುಣ್ಣಗೆ. ಮೂರು ಬಾಣ ಚೆನ್ನಾಗಿಯೇ ಹೋದವು. ನಾಲ್ಕನೆಯದು ಹೆದೆ ಬಿಟ್ಟ ಕ್ಷಣದಲ್ಲೇ ಮುರಿಯಿತು. ಹಿಂದಿನ ತುಂಡು, ಹೆದೆಯ ಪೂರ್ತಿ ಬಲದೊಂದಿಗೆ, ಅವನ ಎಡಗೈಯ ಹೆಬ್ಬೆರಳು ಮತ್ತು ತೋರುಬೆರಳಿನ ನಡುವೆ ಹೊಕ್ಕಿತು. ಎಡಗೈ ಆದದ್ದರಿಂದ ಎರಡು ವಾರದ ಮೇಲೆ ಪರೀಕ್ಷೆ ಬರೆದ, ಪುಣ್ಯ. ತಪ್ಪು ಅವನದ್ದಕ್ಕಿಂತ ಹೆಚ್ಚು ನನ್ನದು. ಬಿಲ್ಲು ಕೊಡುವಾಗ ಹೆದೆ ನೋಡಿದೆ, ಸುತ್ತಮುತ್ತ ಜನ ಇದ್ದಾರಾ ನೋಡಿದೆ. ಕೋಲು ನೋಡಲಿಲ್ಲ.

ರಾತ್ರಿ ಮನೆಗೆ ಬಂದು ಆ ಎರಡು ತುಂಡುಗಳನ್ನು ದೀಪದ ಕೆಳಗೆ ಹಿಡಿದೆ. ಮುರಿದದ್ದು ಅಡ್ಡಕ್ಕಲ್ಲ, ಓರೆಯಾಗಿ, ಸೂಜಿಯಂತೆ ಚೂಪಾಗಿತ್ತು. ಮರದ ನಾರಿನ ಎಳೆ ಕೋಲಿನ ಉದ್ದಕ್ಕೆ ಹೋಗಿರಲೇ ಇಲ್ಲ. ಒಂದು ಗೇಣಿನೊಳಗೆ ಒಂದು ಮಗ್ಗುಲಿನಿಂದ ಇನ್ನೊಂದು ಮಗ್ಗುಲಿಗೆ ಹಾಯ್ದು ಹೊರಬಿದ್ದಿತ್ತು. ಅಂದರೆ ನಾವು ಕಣ್ಣಿಗೆ ಕಂಡ ನೇರವನ್ನು ನಂಬಿದ್ದೆವು. ಕೋಲಿನೊಳಗಿನ ನಾರು ಬೇರೆಯೇ ದಾರಿ ಹಿಡಿದಿತ್ತು.

ಊರಲ್ಲಿ ಸೌದೆ ಒಡೆದವರಿಗೆ ಇದು ಥಟ್ಟನೆ ಅರ್ಥವಾಗುತ್ತದೆ. ಕೊಡಲಿ ಹಾಕಿದರೆ ಮರ ತನ್ನ ನಾರು ಹೋದ ಕಡೆಗೇ ಸೀಳುತ್ತದೆ. ಗರಗಸ ಹಾಗಲ್ಲ, ಅದು ನಾವು ಗೆರೆ ಎಳೆದ ಕಡೆ ಹೋಗುತ್ತದೆ, ನಾರನ್ನು ಕೇಳುವುದಿಲ್ಲ. ಗರಗಸದಲ್ಲಿ ಕೊಯ್ದ ರೀಪನ್ನು ಯಂತ್ರಕ್ಕೆ ಕೊಟ್ಟು ಉರುಟು ಮಾಡಿದರೆ ಅತಿ ಸುಂದರವಾದ ಕೋಲು ಸಿಗುತ್ತದೆ, ಪರದೆ ತೂಗುಹಾಕಲಿಕ್ಕೆ ಧಾರಾಳ ಸಾಕು. ಬಾಣಕ್ಕೆ ಬೇಕಾದದ್ದು ತುದಿಯಿಂದ ತುದಿಗೆ ಕಡಿಯದೆ ಓಡುವ ನಾರು. ಅದಕ್ಕೇ ಒಳ್ಳೆಯ ಬಾಣದ ಕೋಲು ಮಾಡುವವರು ಮೊದಲು ಮರವನ್ನು ಸೀಳಿ ನೋಡಿ, ನಾರಿನ ದಿಕ್ಕು ಹಿಡಿದು, ಆಮೇಲೆ ಕೊಯ್ಯುತ್ತಾರೆ. ಇನ್ನೂ ಹಳೆಯ ಉಪಾಯವೆಂದರೆ ಕೊಯ್ಯುವ ಗೋಜಿಗೇ ಹೋಗದಿರುವುದು. 1991ರಲ್ಲಿ ಆಲ್ಪ್ಸ್ ಪರ್ವತದ ಹಿಮದಲ್ಲಿ ಸಿಕ್ಕಿದ ಐದು ಸಾವಿರ ವರ್ಷಕ್ಕೂ ಹಿಂದಿನ ಮನುಷ್ಯ, ಓಟ್ಸಿ ಎಂದು ಈಗ ಕರೆಯುತ್ತಾರೆ, ಅವನ ಬತ್ತಳಿಕೆಯಲ್ಲಿ ಹದಿನಾಲ್ಕು ಕೋಲುಗಳಿದ್ದವು. ಪೂರ್ತಿ ಬಾಣವಾದದ್ದು ಎರಡೇ, ಉಳಿದವು ಅರ್ಧ ಕೆಲಸದವು. ಅವು ಹೆಚ್ಚಾಗಿ ವೈಬರ್ನಮ್ ಎಂಬ ಪೊದೆಯ ಎಳೆಯ ಚಿಗುರುಕೋಲುಗಳು. ಚಿಗುರಿನಲ್ಲಿ ನಾರು ತಾನಾಗಿಯೇ ಉದ್ದಕ್ಕೆ ಬೆಳೆದಿರುತ್ತದೆ, ಸಿಪ್ಪೆ ತೆಗೆದು ಒಣಗಿಸಿ ನೆಟ್ಟಗೆ ಮಾಡಿದರಾಯಿತು. ಆ ಮನುಷ್ಯನಿಗೆ ಗೊತ್ತಿದ್ದದ್ದು ನಮಗೆ ಗೊತ್ತಿರಲಿಲ್ಲ ನೋಡಿ.

ಸರಿ, ನಾರು ನೆಟ್ಟಗಿದೆ, ಕೋಲು ಗಟ್ಟಿಯಾಗಿದೆ. ಹಾಗಾದರೆ ಎಷ್ಟು ಗಟ್ಟಿಯಾದರೆ ಅಷ್ಟು ಒಳ್ಳೆಯದಲ್ಲವೇ ಎಂದು ನೀವು ಕೇಳುತ್ತೀರಿ. ನಾನೂ ಹಾಗೇ ತಿಳಿದಿದ್ದೆ. ಅಲ್ಲ.

ಬಲಗೈಯವನು ಬಿಲ್ಲನ್ನು ಎಡಗೈಯಲ್ಲಿ ಹಿಡಿಯುತ್ತಾನೆ. ಇಂಗ್ಲಿಷ್ ಉದ್ದಬಿಲ್ಲಿನಲ್ಲಿ ಬಾಣ ಕೂರಲಿಕ್ಕೆ ಮೆಟ್ಟಿಲಿಲ್ಲ, ಕಿಂಡಿಯಿಲ್ಲ. ಅದು ಬಿಲ್ಲಿನ ಎಡಮಗ್ಗುಲಿಗೆ ತಾಗಿಕೊಂಡು ಮುಷ್ಟಿಯ ಗೆಣ್ಣಿನ ಮೇಲೆ ಕೂರುತ್ತದೆ. ಆದರೆ ಹೆದೆ ಮರಳುವುದು ಬಿಲ್ಲಿನ ನಟ್ಟನಡುವಿಗೆ. ಬಾಣದ ಬಾಲ ನಡುವಿಗೆ ಬರುತ್ತಾ ಹೋದ ಹಾಗೆ, ಬಿಲ್ಲಿನ ದಪ್ಪ ಅಡ್ಡ ನಿಂತಿರುವುದರಿಂದ ಬಾಣದ ಮೊನೆ ಎಡಕ್ಕೆ ತಿರುಗಬೇಕು. ಲೆಕ್ಕದ ಪ್ರಕಾರ ಪ್ರತಿ ಬಾಣವೂ ಎಡಕ್ಕೆ ಹೋಗಬೇಕು. ಹೋಗುವುದಿಲ್ಲ, ನೇರ ಗುರಿಗೇ ಹೋಗುತ್ತದೆ. ಅಮೆರಿಕದ ವೈದ್ಯ ಹಾಗೂ ಬಿಲ್ಲುಗಾರ ರಾಬರ್ಟ್ ಎಲ್ಮರ್ ಇದಕ್ಕೆ ಬಿಲ್ಲುಗಾರನ ವಿರೋಧಾಭಾಸ ಎಂಬ ಅರ್ಥದ ಹೆಸರಿಟ್ಟರು. 1930ರ ದಶಕದಲ್ಲಿ ಭೌತವಿಜ್ಞಾನಿ ಕ್ಲಾರೆನ್ಸ್ ಹಿಕ್‌ಮನ್ ಅತಿವೇಗದ ಸಿನಿಮಾ ಕ್ಯಾಮರಾದಲ್ಲಿ ಹಿಡಿದಾಗ ಗುಟ್ಟು ಕಣ್ಣಿಗೇ ಕಂಡಿತು. ಹಿಂದಿನಿಂದ ಹೆದೆ ಒಮ್ಮೆಗೇ ನೂಕಿದಾಗ ಕೋಲು ಬಾಗುತ್ತದೆ, ಮರಳಿ ಇನ್ನೊಂದು ಕಡೆಗೆ ಬಾಗುತ್ತದೆ, ನೀರಲ್ಲಿ ಹೋಗುವ ಹಾವಿನ ಹಾಗೆ ಬಿಲ್ಲನ್ನು ಬಳಸಿಕೊಂಡು ಹೋಗುತ್ತದೆ. ಬಾಲದ ಗರಿ ಬಿಲ್ಲಿಗೆ ತಾಗದೆ ಪಾರಾಗುತ್ತದೆ. ದಾಟಿದ ಮೇಲೂ ಸ್ವಲ್ಪ ದೂರ ಅತ್ತಿತ್ತ ತೂಗಿ, ಗರಿಗಳು ಹಿಡಿತಕ್ಕೆ ತಂದಮೇಲೆ ನೆಟ್ಟಗಾಗುತ್ತದೆ.

ಅಂದರೆ ಬಾಗಲೊಲ್ಲದ ಕೋಲು ಬಿಲ್ಲಿನ ಮಗ್ಗುಲಿಗೆ ಬಡಿದು ಎಡಕ್ಕೆ ಹೋಗುತ್ತದೆ. ತೀರ ಮೆತ್ತಗಿನದು ಅತಿಯಾಗಿ ಬಾಗಿ ಬಲಕ್ಕೆ ಹೋಗುತ್ತದೆ. (ಎಡಚರು ಇದನ್ನು ತಿರುಗಿಸಿ ಓದಿಕೊಳ್ಳಬೇಕು.) ಎಷ್ಟು ಬಾಗಬೇಕೆಂಬುದು ಬಿಲ್ಲಿಗೆ ತಕ್ಕಂತೆ. ಅದಕ್ಕೇ ಒಬ್ಬನ ಚಿನ್ನದಂಥ ಬಾಣ ಇನ್ನೊಬ್ಬನ ಬಿಲ್ಲಿಗೆ ಕಸ. ನಮ್ಮ ಯಕ್ಷಗಾನದ ಅರ್ಜುನನಿಗೆ ಈ ತಾಪತ್ರಯ ಇಲ್ಲ, ಅವನ ಬಾಣ ಕೈಬಿಟ್ಟು ಹೋಗುವುದೇ ಇಲ್ಲವಲ್ಲ.

ಈ ಬಾಗುವ ಗುಣಕ್ಕೆ ಇಂಗ್ಲಿಷಿನಲ್ಲಿ ಸ್ಪೈನ್ ಅನ್ನುತ್ತಾರೆ, ಬೆನ್ನುಮೂಳೆ ಎಂದೇ ಅರ್ಥ. ಅಳೆಯಲಿಕ್ಕೆ ದುಬಾರಿ ಯಂತ್ರ ಬೇಡ, ಹಾಸ್ಟೆಲ್ ಕೋಣೆಯಲ್ಲೇ ಆಗುತ್ತದೆ. ಒಂದು ಹಲಗೆಗೆ ಇಪ್ಪತ್ತಾರು ಇಂಚು ಅಂತರದಲ್ಲಿ, ಒಂದೇ ಎತ್ತರಕ್ಕೆ ಎರಡು ಮೊಳೆ ಹೊಡೆಯಿರಿ. ಕೋಲನ್ನು ಅವುಗಳ ಮೇಲಿಟ್ಟು ನಟ್ಟನಡುವೆ ಎರಡು ಪೌಂಡು, ಅಂದರೆ 907 ಗ್ರಾಂ ತೂಕ ತೂಗುಹಾಕಿ. ನಡು ಎಷ್ಟು ಇಂಚು ಕೆಳಗೆ ಇಳಿಯಿತೋ ನೋಡಿ, ಇಪ್ಪತ್ತಾರನ್ನು ಅದರಿಂದ ಭಾಗಿಸಿ. 0.65 ಇಂಚು ಇಳಿದರೆ ನಲವತ್ತು, 0.52 ಇಳಿದರೆ ಐವತ್ತು. ಈ ಸಂಖ್ಯೆಯನ್ನೂ ಪೌಂಡು ಎಂದೇ ಕರೆಯುವುದರಿಂದ ಗೊಂದಲವಾಗುತ್ತದೆ. ಬಿಲ್ಲಿನ ಪೌಂಡು ಎಳೆಯಲಿಕ್ಕೆ ಬೇಕಾದ ಬಲ. ಕೋಲಿನ ಪೌಂಡು, ಇದು ಸುಮಾರು ಎಂಥ ಬಿಲ್ಲಿಗೆ ಹೊಂದೀತು ಎಂಬ ಅಂದಾಜು. ದಪ್ಪ ಹಿಡಿಕೆಯ ಉದ್ದಬಿಲ್ಲಿಗೆ ಕೋಲು ಹೆಚ್ಚು ಬಳಸಿ ಹೋಗಬೇಕಾದ್ದರಿಂದ ಬಿಲ್ಲಿನ ಅಂಕಿಗಿಂತ ಐದು ಪೌಂಡಾದರೂ ಕಡಿಮೆಯದರಿಂದ ಶುರುಮಾಡುವುದು ಕ್ಷೇಮ. ನನ್ನ ನಲವತ್ತಕ್ಕೆ ಮೂವತ್ತೈದರ ಕೋಲು ಹೊಂದಿತು.

ಇದೆಲ್ಲ ಇಪ್ಪತ್ತೆಂಟು ಇಂಚಿನ ಬಾಣಕ್ಕೆ ಹೇಳಿದ ಮಾತು. ಉದ್ದ ಕೋಲು ಹೆಚ್ಚು ಬಾಗುತ್ತದೆ. ಇಂಚಿಗೆ ಐದು ಪೌಂಡು ಎಂಬುದು ಬಳಕೆಯಲ್ಲಿರುವ ಲೆಕ್ಕ: ಒಂದಿಂಚು ಉದ್ದವಾದರೆ ಐದು ಪೌಂಡು ಗಟ್ಟಿಯದು ತೆಗೆದುಕೊಳ್ಳಿ. ಮೊನೆ ಭಾರವಾದರೂ ಕೋಲು ಹೆಚ್ಚು ಬಾಗುತ್ತದೆ. ಹಾಗಾಗಿ ಹೊಸ ಕೋಲನ್ನು ಎಂದೂ ಮೊದಲೇ ಕತ್ತರಿಸಬೇಡಿ. ಉದ್ದ ಇಟ್ಟುಕೊಂಡು ಹೊಡೆದು ನೋಡಿ, ಬಲಕ್ಕೆ ಹೋದರೆ ಅರ್ಧರ್ಧ ಇಂಚು ಕತ್ತರಿಸುತ್ತಾ ಬನ್ನಿ. ಆದರೆ ಪೂರ್ತಿ ಎಳೆದಾಗ ಮೊನೆ ಬಿಲ್ಲಿನಿಂದ ಒಂದಿಂಚು ಮುಂದೆ ಇರಲೇಬೇಕು. ಅದಕ್ಕಿಂತ ಗಿಡ್ಡ ಬಾಣ ಬಿಲ್ಲಿನ ಹಿಂದಕ್ಕೆ ಜಾರಿ ಕೈಗೇ ನಾಟುತ್ತದೆ.

ಇನ್ನು ಯಾವ ಮರ? ಈ ಪ್ರಶ್ನೆಗೆ ಐನೂರು ವರ್ಷದಿಂದ ಜಗಳ ನಡೆದಿದೆ, ಅದು ನನಗೆ ಬಹಳ ಇಷ್ಟವಾದ ಜಗಳ. ರೋಜರ್ ಆ್ಯಸ್ಕಮ್ ಎಂಬ ಕೇಂಬ್ರಿಜ್ಜಿನ ಮೇಷ್ಟ್ರು 1545ರಲ್ಲಿ ಟಾಕ್ಸೊಫಿಲಸ್ ಎಂಬ ಪುಸ್ತಕ ಬರೆದ. ಬಿಲ್ಲುಗಾರಿಕೆಯ ಮೇಲೆ ಇಂಗ್ಲಿಷಿನಲ್ಲಿ ಅಚ್ಚಾದ ಮೊದಲ ಪುಸ್ತಕ ಅದು. ಇಬ್ಬರ ಸಂಭಾಷಣೆ: ಒಬ್ಬ ಬಿಲ್ಲಿನ ಪ್ರೇಮಿ, ಇನ್ನೊಬ್ಬ ಪುಸ್ತಕದ ಪ್ರೇಮಿ. (ನಮ್ಮ ಸಂಘದ ಸಭೆಯಲ್ಲಿ ನಾನು ಒಬ್ಬ ಕಡೆ, ನೀವೆಲ್ಲ ಇನ್ನೊಂದು ಕಡೆ ಕೂತ ಹಾಗೆ.) ಲ್ಯಾಟಿನ್ನಿನಲ್ಲೋ ಗ್ರೀಕಿನಲ್ಲೋ ಬರೆದಿದ್ದರೆ ತನಗೆ ಸುಲಭವೂ ಹೆಸರೂ ಬರುತ್ತಿತ್ತು, ಆದರೂ ಇಂಗ್ಲಿಷರ ವಿಷಯವನ್ನು ಇಂಗ್ಲಿಷರಿಗಾಗಿ ಇಂಗ್ಲಿಷಿನಲ್ಲೇ ಬರೆದಿದ್ದೇನೆ ಎಂದು ಮುನ್ನುಡಿಯಲ್ಲಿ ಹೇಳಿಕೊಳ್ಳುತ್ತಾನೆ. ಅವನ ಕಾಲಕ್ಕೆ ಅವನ ಭಾಷೆಗೂ ಆ ಸಂಕೋಚ ಇತ್ತು ಎಂದು ತಿಳಿದಾಗ, ಮುಂಬಯಿಯಲ್ಲಿ ಕೂತು ಬಾಣದ ಬಗ್ಗೆ ಕನ್ನಡದಲ್ಲಿ ಬರೆಯಲು ನನಗೆ ಸ್ವಲ್ಪ ಧೈರ್ಯ ಬಂತು.

ಆ್ಯಸ್ಕಮ್ ಹದಿನೈದು ಬಗೆಯ ಮರಗಳನ್ನು ಹೆಸರಿಸುತ್ತಾನೆ. ಬರ್ಚ್ ಇದೆ, ಓಕ್ ಇದೆ, ಆ್ಯಶ್, ಬೀಚ್, ಆಸ್ಪೆನ್ ಇವೆ. (ಬರ್ಚ್ ಅಂದರೆ ನಮ್ಮ ಹಳೆಯ ಗ್ರಂಥಗಳ ಭೂರ್ಜಪತ್ರದ ಕುಲದ ಮರವೇ.) ಯುದ್ಧದ ಬಾಣಕ್ಕೆ ಆ್ಯಶ್ ಮರವೇ ಶ್ರೇಷ್ಠ, ಜನ ಆಸ್ಪೆನ್ ಬಳಸುವುದು ಸರಿಯಲ್ಲ ಎಂಬುದು ಅವನ ವಾದ. ಆ್ಯಶ್ ಭಾರ, ಗಟ್ಟಿ, ಬಡಿತ ಜೋರು. ಆಸ್ಪೆನ್ ಪಾಪ್ಲರ್ ಕುಲದ್ದು. ಹಗುರ, ಬೇಗ ಬೆಳೆಯುತ್ತದೆ.

ಮೇಷ್ಟ್ರ ಮಾತನ್ನು ರಾಜನ ಸೈನ್ಯ ಕೇಳಿತೇ? ಅದಕ್ಕೆ ಉತ್ತರ ಸಮುದ್ರದ ತಳದಿಂದ ಬಂತು. ಅದೇ 1545ರ ಜುಲೈಯಲ್ಲಿ ಎಂಟನೆಯ ಹೆನ್ರಿಯ ಮೇರಿ ರೋಸ್ ಎಂಬ ಯುದ್ಧನೌಕೆ ಪೋರ್ಟ್ಸ್‌ಮತ್ ಬಂದರಿನ ಎದುರಿಗೇ ಮುಳುಗಿತು. 1982ರಲ್ಲಿ ಅದನ್ನು ಮೇಲೆತ್ತಿದರು. ಕೆಸರಿನಲ್ಲಿ ಹುದುಗಿದ್ದರಿಂದ ಮರ ಕೊಳೆತಿರಲಿಲ್ಲ. ಯೂ ಮರದ ನೂರಕ್ಕೂ ಹೆಚ್ಚು ಬಿಲ್ಲುಗಳು, ಸಾವಿರಾರು ಬಾಣಗಳು ಸಿಕ್ಕಿದವು. ಬಾಣಗಳಲ್ಲಿ ಹೆಚ್ಚಿನವು ಪಾಪ್ಲರ್! ಬರ್ಚ್, ಆ್ಯಶ್ ಮುಂತಾದವೂ ಇವೆ, ಆದರೆ ಸಿಂಹಪಾಲು ಮೇಷ್ಟ್ರು ಬೇಡವೆಂದ ಜಾತಿಯದು. ಇನ್ನೊಂದು ನೂರಿಪ್ಪತ್ತೊಂಬತ್ತು ವರ್ಷ ಹಿಂದಕ್ಕೆ ಹೋದರೆ, 1416ರಲ್ಲಿ, ಅಜಿನ್‌ಕೋರ್ಟ್ ಕಾಳಗದ ಮರುವರ್ಷ, ಐದನೆಯ ಹೆನ್ರಿಯ ಕಾಲದ ಶಾಸನವೊಂದು ಇದೆ: ಪ್ಯಾಟನ್ ಎಂಬ ಮರದ ಪಾದುಕೆ ಮಾಡುವವರು ಆಸ್ಪೆನ್ ಮರ ಮುಟ್ಟಕೂಡದು, ಅದು ಬಾಣ ಮಾಡುವವರಿಗೆ ಮೀಸಲು. ಹಾವುಗೆಗೂ ಬಾಣಕ್ಕೂ ಮರಕ್ಕಾಗಿ ಪೈಪೋಟಿ ನಡೆದಿತ್ತೆಂದಾಯಿತು.

ನನಗೆ ಅನಿಸುವುದು, ಇಬ್ಬರೂ ಅವರವರ ಜಾಗದಲ್ಲಿ ಸರಿ. ಆ ನೌಕೆಯ ಬಿಲ್ಲುಗಳ ಎಳೆತ ನೂರು ಪೌಂಡಿಗೂ ಹೆಚ್ಚು ಎಂದು ಅಂದಾಜು. ಅಂಥ ಬಿಲ್ಲಿಗೆ ದಪ್ಪ ಕೋಲು ಬೇಕು. ದಪ್ಪ ಕೋಲನ್ನು ಆ್ಯಶ್‌ನಲ್ಲಿ ಮಾಡಿದರೆ ಭಾರ, ದೂರ ಹೋಗದು. ಪಾಪ್ಲರಿನಲ್ಲಿ ಮಾಡಿದರೆ ದಪ್ಪವೂ ಆಯಿತು, ಹಗುರವೂ ಆಯಿತು. ಮೇಲಾಗಿ ಲಕ್ಷಗಟ್ಟಲೆ ಬಾಣ ಬೇಕಾದಾಗ ಬೇಗ ಬೆಳೆಯುವ ಮರವೇ ಗತಿ. ಮೇಷ್ಟ್ರು ಒಂದು ಬಾಣದ ಗುಣ ಹೇಳಿದ, ಉಗ್ರಾಣದವನು ರಾಶಿಯ ಲೆಕ್ಕ ನೋಡಿದ.

ನಮ್ಮ ಕಡೆ ಈ ಜಗಳವೇ ಹುಟ್ಟಲಿಲ್ಲ, ಏಕೆಂದರೆ ನಮಗೆ ಬಿದಿರೂ ಜೊಂಡೂ ಇದ್ದವು. ಶರ ಎಂಬ ಸಂಸ್ಕೃತ ಶಬ್ದಕ್ಕೆ ಬಾಣವೆಂದೂ ಅರ್ಥ, ಒಂದು ಬಗೆಯ ಜೊಂಡುಹುಲ್ಲೆಂದೂ ಅರ್ಥ; ಹುಲ್ಲೇ ಬಾಣವಾಗಿತ್ತು. ಕೌಟಿಲ್ಯನ ಅರ್ಥಶಾಸ್ತ್ರದಲ್ಲಿ ಆಯುಧಾಗಾರದ ಅಧ್ಯಾಯ ಬಾಣಗಳ ಪಟ್ಟಿ ಕೊಡುವಾಗ ವೇಣು, ಶರ ಎಂದೇ ಶುರುಮಾಡುತ್ತದೆ. ಗ್ರೀಕ್ ಲೇಖಕ ಏರಿಯನ್, ಭಾರತದ ಕಾಲಾಳಿನ ಬಿಲ್ಲು ಆಳೆತ್ತರ, ಅದನ್ನು ನೆಲಕ್ಕೂರಿ ಎಡಗಾಲಿನಿಂದ ಒತ್ತಿ ಎಳೆಯುತ್ತಾರೆ, ಬಾಣ ಮೂರು ಮೊಳಕ್ಕೆ ಸ್ವಲ್ಪ ಕಡಿಮೆ ಎಂದು ಬರೆದಿದ್ದಾನೆ. ಅಷ್ಟುದ್ದದ ಬಾಣ ಹಗುರವಾಗಿರಬೇಕಾದರೆ ಟೊಳ್ಳಾದ ಬಿದಿರು ಜೊಂಡಿಗಿಂತ ಹೊಂದುವಂಥದ್ದು ನನಗೆ ತೋಚುವುದಿಲ್ಲ. ಬಿದಿರಿನ ಗಟ್ಟಿ ನಾರು ಹೊರಸಿಪ್ಪೆಯ ಹತ್ತಿರವೇ ಇರುತ್ತದೆ, ಯಾರೂ ಗರಗಸ ಹಾಕಿ ಕಡಿದಿರುವುದಿಲ್ಲ. ಬಿದಿರಿನ ವಿಷಯ ಇನ್ನೊಂದು ಲೇಖನಕ್ಕಾಗುವಷ್ಟಿದೆ. ಇಲ್ಲಿ ಮರದ ಕೋಲಿಗೇ ಬರೋಣ.

ಇವತ್ತು ಉದ್ದಬಿಲ್ಲಿನವರು ಕಣ್ಣುಮುಚ್ಚಿ ಹೊಗಳುವುದು ಪೋರ್ಟ್ ಆರ್ಫರ್ಡ್ ಸೀಡರ್. ಹೆಸರಿಗೆ ಸೀಡರ್, ದೇವದಾರುವಿನ ಕುಲದ್ದಲ್ಲ, ಸೈಪ್ರೆಸ್ ಬಳಗದ್ದು. ಅಮೆರಿಕದ ಆರೆಗನ್ ಮತ್ತು ಕ್ಯಾಲಿಫೋರ್ನಿಯದ ಗಡಿಯ ಕರಾವಳಿಯಲ್ಲಿ ಮಾತ್ರ ಸಹಜವಾಗಿ ಬೆಳೆಯುತ್ತದೆ. ನೇರ ನಾರು, ಹಗುರ, ಮುರಿದರೆ ಶುಂಠಿಯಂಥ ಘಾಟು ವಾಸನೆ. ಹಳೆಯ ದೊಡ್ಡ ಮರಗಳು ಕಡಿದು ಹೋದವು, ಬೇರು ಕೊಳೆಯುವ ರೋಗ ಬೇರೆ ಬಡಿದಿದೆ, ಆದ್ದರಿಂದ ಒಳ್ಳೆಯ ಕೋಲು ದುಬಾರಿ. ಪೈನ್, ಸ್ಪ್ರೂಸ್ ಕೂಡ ಹಗುರ, ಗುರಿ ಆಟಕ್ಕೆ ಚೆನ್ನ. ಬರ್ಚ್ ಮತ್ತು ಆ್ಯಶ್ ಭಾರ, ಏಟು ತಾಳುತ್ತವೆ. ಕಲ್ಲುಮಣ್ಣಿನ ಜಾಗದಲ್ಲಿ ಹೊಡೆಯುವವರಿಗೆ ಹೇಳಿಸಿದ್ದು. ಹಿಮಾಲಯದ ಚೀರ್ ಪೈನ್ ಇಲ್ಲಿನ ಮರದ ಮಂಡಿಯಲ್ಲಿ ಸಿಕ್ಕರೂ ಹುಷಾರು. ಅದರಲ್ಲಿ ನಾರು ತಿರುಚಿಕೊಂಡು ಬೆಳೆಯುವುದು ಸಾಮಾನ್ಯ. ನನ್ನನ್ನು ಕೇಳಿದರೆ ಮರದ ಹೆಸರು ಎರಡನೆಯ ಮಾತು. ಹೆಸರಾಂತ ಮರದ ಓರೆನಾರಿನ ಕೋಲಿಗಿಂತ ಸಾದಾ ಪೈನಿನ ನೇರನಾರಿನ ಕೋಲು ಸಾವಿರ ಪಾಲು ಮೇಲು.

ಕೊಳ್ಳುವಾಗ ನಾನು ಮಾಡುವುದು ಹೀಗೆ. ಮೊದಲು ಕಣ್ಣಿನ ಮಟ್ಟಕ್ಕೆ ಹಿಡಿದು ಉದ್ದಕ್ಕೆ ನೋಡುತ್ತೇನೆ. ಸ್ವಲ್ಪ ಬಾಗಿದ್ದರೆ ಚಿಂತೆಯಿಲ್ಲ, ಬಿಸಿ ತೋರಿಸಿ ಕೈಯಲ್ಲೇ ನೆಟ್ಟಗೆ ಮಾಡಬಹುದು. ಆಮೇಲೆ ಮೈಮೇಲಿನ ಎಳೆ ನೋಡುತ್ತೇನೆ. ಕೋಲನ್ನು ತಿರುಗಿಸಿದರೆ ಎರಡು ಮಗ್ಗುಲಲ್ಲಿ ಸಮಾನಾಂತರ ಗೆರೆಗಳು, ಉಳಿದೆರಡರಲ್ಲಿ ದೀಪದ ಜ್ವಾಲೆಯಂಥ ಚೂಪು ಆಕೃತಿಗಳು ಕಾಣುತ್ತವೆ. ಜ್ವಾಲೆಗಳು ಉದ್ದವಾಗಿ, ಅಲ್ಲೊಂದು ಇಲ್ಲೊಂದು ಇದ್ದರೆ ಒಳ್ಳೆಯದು. ಗಿಡ್ಡ ಜ್ವಾಲೆಗಳು ಒಂದರ ಮೇಲೊಂದು ಇದ್ದರೆ ನಾರು ಓರೆ ಎಂದು ತಿಳಿಯಿರಿ. ಗಂಟಿದ್ದರೆ, ಸಾಸಿವೆಯಷ್ಟಿದ್ದರೂ, ಬೇಡ. ಕೊನೆಗೆ ಎರಡು ತುದಿ ಹಿಡಿದು ಹದವಾಗಿ ಬಾಗಿಸಿ, ತಿರುಗಿಸಿ, ಮತ್ತೆ ಬಾಗಿಸಿ, ಕಿವಿಗೊಟ್ಟು ಕೇಳುತ್ತೇನೆ. ಚಿಟ್ ಎಂಬ ಸಣ್ಣ ಸದ್ದು ಬಂದರೂ ವಾಪಸು. ಇದನ್ನು ಕೊಳ್ಳುವಾಗ ಮಾತ್ರವಲ್ಲ, ಪ್ರತಿ ಸಲ ಹೊಡೆಯುವ ಮೊದಲು, ಬಾಣ ಕಲ್ಲಿಗೋ ಇನ್ನೊಂದು ಬಾಣಕ್ಕೋ ಬಡಿದ ಮೇಲೆ ಮಾಡಲೇಬೇಕು.

ತೂಕವನ್ನು ಬಿಲ್ಲುಗಾರರು ಗ್ರೇನಿನಲ್ಲಿ ಹೇಳುತ್ತಾರೆ, ಪೌಂಡಿಗೆ ಏಳು ಸಾವಿರ ಗ್ರೇನು. ಪೂರ್ತಿ ತಯಾರಾದ ಬಾಣ ಬಿಲ್ಲಿನ ಪ್ರತಿ ಪೌಂಡಿಗೆ ಒಂಬತ್ತು ಹತ್ತು ಗ್ರೇನು ಇದ್ದರೆ ಮರದ ಬಿಲ್ಲಿಗೆ ಹಿತ. ನನ್ನ ಬಿಲ್ಲಿಗೆ 360ರಿಂದ 400, ಎಂದರೆ 23ರಿಂದ 26 ಗ್ರಾಂ. ತೀರ ಹಗುರ ಬಾಣ ಹಾಕಿದರೆ ಬಿಲ್ಲಿನ ಬಲ ಬಾಣಕ್ಕೆ ಹೋಗದೆ ಬಿಲ್ಲಿಗೇ ಮರಳಿ ಬಡಿಯುತ್ತದೆ, ಬಿಲ್ಲೇ ಒಡೆದೀತು. ಒಂದು ಕಟ್ಟಿನ ಬಾಣಗಳ ನಡುವೆ ಹತ್ತು ಗ್ರೇನಿಗಿಂತ ಹೆಚ್ಚು ವ್ಯತ್ಯಾಸ ಬೇಡ. ಅದು ಸುಮಾರು ಐದು ಗುಲಗಂಜಿ ತೂಕ. ಕೋಲು ಕೊಳ್ಳಲಿಕ್ಕೆ ಹೋಗುವಾಗ ಚಿನ್ನ ತೂಗುವಂಥ ಸಣ್ಣ ತಕ್ಕಡಿ ಜೇಬಲ್ಲಿಟ್ಟುಕೊಂಡರೆ ಅಂಗಡಿಯವನು ವಿಚಿತ್ರವಾಗಿ ನೋಡುತ್ತಾನೆ, ನೋಡಲಿ.

ಆರಿಸಿ ತಂದ ಕೋಲಿಗೂ ಒಂದು ತಲೆ, ಒಂದು ಮಗ್ಗುಲು ಇದೆ. ಹೆದೆ ಕೂರುವ ಕಚ್ಚನ್ನು ಬೆಳವಣಿಗೆಯ ಉಂಗುರದ ಗೆರೆಗಳಿಗೆ ಅಡ್ಡವಾಗಿ ಕೊರೆಯಬೇಕು. ಗೆರೆಯ ಉದ್ದಕ್ಕೇ ಕೊರೆದರೆ ಹೆದೆ ಬೆಣೆಯಂತೆ ಕೂತು ಕೋಲನ್ನು ಸೀಳಿಬಿಡುತ್ತದೆ. ಅಡ್ಡವಾಗಿ ಕೊರೆದರೆ ಇನ್ನೊಂದು ಲಾಭ: ಗೆರೆಗಳಿರುವ ಗಟ್ಟಿ ಮಗ್ಗುಲು ಬಿಲ್ಲಿನ ಕಡೆಗೆ ಬರುತ್ತದೆ. ಸ್ಪೈನ್ ಅಳೆಯುವಾಗಲೂ ತೂಕ ಈ ಮಗ್ಗುಲಿನ ಮೇಲೇ ಬೀಳುವಂತೆ ಇಡಬೇಕು. ಇನ್ನು ಆ ಜ್ವಾಲೆಗಳು. ಬಾಣ ಹೂಡಿದಾಗ ಮೇಲ್ಮುಖದ ಜ್ವಾಲೆಗಳ ತುದಿ ಗುರಿಯ ಕಡೆಗಿರಬೇಕು. ಹಾಗಿದ್ದರೆ, ದೇವರು ಕಾಯಲಿ, ಕೋಲು ಮುರಿದರೂ ಹಿಂದಿನ ತುಂಡು ಓರೆಯ ಮೇಲೆ ಜಾರಿ ಮೇಲಕ್ಕೆ ಹೋಗುತ್ತದೆ, ಕೆಳಗಿರುವ ಮುಷ್ಟಿಗೆ ಬರುವುದಿಲ್ಲ. ಗೆಳೆಯನ ಮುರಿದ ಬಾಣದಲ್ಲಿ ಜ್ವಾಲೆಗಳು ತಿರುಗುಮುರುಗಾಗಿದ್ದವು. ನಾರು ಓರೆ, ದಿಕ್ಕೂ ತಪ್ಪು, ಎರಡೂ ಸೇರಿ ಆ ನಾಲ್ಕು ಹೊಲಿಗೆ.

ಮುಂಬಯಿಯಲ್ಲಿ ಇರುವವರಿಗೆ ಇನ್ನೊಂದು ಶತ್ರು ಮಳೆಗಾಲ. ಮರ ತೇವ ಕುಡಿಯುತ್ತದೆ, ಭಾರವಾಗುತ್ತದೆ, ಮೆತ್ತಗಾಗುತ್ತದೆ, ಬಾಗುತ್ತದೆ. ಕೋಲಿಗೆ ಎರಡು ಮೂರು ಕೈ ವಾರ್ನಿಷ್ ಬಳಿಯಿರಿ, ಕಚ್ಚಿನ ಒಳಗೂ ಮೊನೆ ಕೂರುವ ತುದಿಗೂ ಮರೆಯದೆ. ಗೋಡೆಗೆ ಒರಗಿಸಿ ಇಡಬೇಡಿ. ಮೊದಲ ವರ್ಷ ನಾನು ಕಪಾಟಿನ ಹಿಂದೆ ಒರಗಿಸಿಟ್ಟ ಡಜನ್ ಕೋಲು ಗಣೇಶ ಚೌತಿಯ ಹೊತ್ತಿಗೆ ಬಾಳೆಹಣ್ಣಿನ ಗೊನೆಯಂತಾಗಿತ್ತು. ಈಗ ಹಲಗೆಯಲ್ಲಿ ತೂತು ಕೊರೆದು ತೂಗುಹಾಕಿದ್ದೇನೆ. ಅವನ್ನು ಲೋಕಲ್ ಟ್ರೇನಿನಲ್ಲಿ ತಂದ ದಿನ ಎದುರಿಗೆ ಕೂತಿದ್ದ ಅಜ್ಜಿ, ಇದೇನು ಪತಂಗದ ಕಡ್ಡಿಯೋ ಎಂದು ಮರಾಠಿಯಲ್ಲಿ ಕೇಳಿದರು. ಬಾಣ ಎಂದೆ. ಕೋಲೊಂದನ್ನು ಎತ್ತಿಕೊಂಡು, ನನಗಿಂತ ಚೆನ್ನಾಗಿ, ಒಂದು ಕಣ್ಣು ಮುಚ್ಚಿ ಉದ್ದಕ್ಕೆ ನೋಡಿ, "ಇದು ಡೊಂಕು" ಎಂದು ವಾಪಸು ಕೊಟ್ಟರು. ಡೊಂಕೇ ಇತ್ತು.

ಗೆಳೆಯನ ಕೈ ವಾಸಿಯಾಗಿದೆ, ಹೆಬ್ಬೆರಳಿನ ಬುಡದಲ್ಲಿ ಒಂದು ಬಿಳಿ ಗೆರೆ ಉಳಿದಿದೆ. ಹೋದ ವಾರ ಬಂದು ಮತ್ತೆ ಬಿಲ್ಲು ಕೇಳಿದ. ಈ ಸಲ ಪೈನಿನ ಆರು ಕೋಲು ತಂದಿದ್ದ, 11/32 ಇಂಚು ದಪ್ಪದವು. ಇಬ್ಬರೂ ಕಿಟಕಿಯ ಬೆಳಕಿಗೆ ಹಿಡಿದು ನೋಡಿದೆವು, ಮೊಳೆಯ ಮೇಲಿಟ್ಟು ಅಳೆದೆವು, ಬಾಗಿಸಿ ಕೇಳಿದೆವು. ನಾಲ್ಕು ಸರಿಯಾಗಿದ್ದವು. ಒಂದರಲ್ಲಿ ಗಂಟಿತ್ತು, ಇನ್ನೊಂದು ಚಿಟ್ ಎಂದಿತು. ಆ ಎರಡನ್ನು ಅವನೇ ಮೊಣಕಾಲಿಗೆ ಹಾಕಿ ಮುರಿದು ಕಿಟಕಿಯ ಕುಂಡದ ಟೊಮೇಟೊ ಗಿಡಕ್ಕೆ ಊರಿದ.